ಮಾಲ್ಟಾಕ್ಕೆ ಹೋಗುವವರ ಗಮನಕ್ಕೆ, ಪುಟ ಆರು

ಮೊನ್ನೆ ಮೊಮ್ಮಗಳು ಅನಘಾ ಸೂಟ್‌ಕೇಸ್ ತುಂಬುತ್ತಿದ್ದಳು. ಗೆಳತಿಯರ ಜೊತೆ ಮಾಲ್ಟಾ ಎಂಬ ದ್ವೀಪಕ್ಕೆ ಹತ್ತು ದಿನದ ಪ್ರವಾಸ. ಅಮೆರಿಕದ ಪ್ಲೇನ್‌ಫೀಲ್ಡಿನ ಮಗಳ ಮನೆಯಲ್ಲಿ ನನ್ನ ಕೋಣೆ ಕೆಳಗೆ, ಅವಳದು ಮಹಡಿಯಲ್ಲಿ. ಆ ದ್ವೀಪದ ಹೆಸರು ಕಿವಿಗೆ ಬಿದ್ದದ್ದೇ ತಡ, ಮಂಡಿ ನೋವನ್ನೂ ಮರೆತು ಮೆಟ್ಟಿಲು ಹತ್ತಿ ಹೋಗಿ ಅವಳ ಬಾಗಿಲಲ್ಲಿ ನಿಂತೆ.

"ಅಲ್ಲಿ ಬಸ್ಸು ಕಾರು ಎಲ್ಲಾ ಎಡಗಡೆ ಓಡುತ್ತೆ ಕಣೇ. ರಸ್ತೆ ದಾಟೋವಾಗ ಮೊದಲು ಬಲಕ್ಕೆ ನೋಡು."

"ಐ ನೋ ಅಜ್ಜಿ. ಎಲ್ಲಾ ಫೋನಲ್ಲಿದೆ."

"ಮಧ್ಯಾಹ್ನ ಅಂಗಡಿ ಮುಚ್ಚಿರ್ತಾರೆ. ನಾಲ್ಕು ಗಂಟೆ ಮೇಲೆ ಹೋಗು."

ಈಗ ತಲೆಯೆತ್ತಿದಳು. "ವೇಯ್ಟ್. ನೀವು ಮಾಲ್ಟಾಗೆ ಹೋಗಿದ್ರಾ?"

"ಇಲ್ಲ."

"ದೆನ್ ಹೌ ಡು ಯೂ ನೋ ಆಲ್ ದಿಸ್?"

ಹೇಗೆ ಗೊತ್ತು ಎಂದರೆ, ಆ ದ್ವೀಪಕ್ಕೆ ಹೋಗುವವರಿಗಾಗಿ ಒಂದು ಪುಸ್ತಿಕೆಯನ್ನು ಟೈಪು ಮಾಡಿದವಳು ನಾನು. ಕೆಳಗಿಳಿದು ಬಂದು ಬೀರುವಿನ ತಳದಲ್ಲಿದ್ದ ಹಳೆಯ ಬಿಸ್ಕತ್ತಿನ ಡಬ್ಬ ತೆಗೆದೆ. ಹತ್ತು ಹಾಳೆ, ಮೂಲೆಯಲ್ಲಿ ತುಕ್ಕು ಹಿಡಿದ ಪಿನ್ನು. ಮೂಗಿನ ಹತ್ತಿರ ಹಿಡಿದರೆ ಸೈಕ್ಲೋಸ್ಟೈಲ್ ಶಾಯಿಯ ವಾಸನೆ ಇನ್ನೂ ಇದೆ. ಸೀಮೆಎಣ್ಣೆಗೂ ಹರಳೆಣ್ಣೆಗೂ ನಡುವಿನ ಒಂದು ವಾಸನೆ. ಅದು ಮೂಗಿಗೆ ಹತ್ತಿತೋ ಇಲ್ಲವೋ, ೧೯೭೧ರ ಡೆಟ್ರಾಯ್ಟ್ ಎದುರಿಗೆ ಬಂದು ಕೂತುಬಿಟ್ಟಿತು.

ನಾನು ಮದುವೆಯಾಗಿ ಮೈಸೂರಿನಿಂದ ಬಂದು ಆಗ ಒಂದೂವರೆ ವರ್ಷ. ನಮ್ಮವರು ಒಂದು ಕಾರು ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಎಂಜಿನಿಯರ್. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಮಿಷಿಗನ್ ಅವೆನ್ಯೂಗೆ ಹತ್ತಿರದ ಒಂದು ಹಳೆಯ ಮನೆಯ ಮಹಡಿಯಲ್ಲಿ ಎರಡು ಕೋಣೆ ನಮ್ಮವು. ನಾನು ಬೆಳೆದದ್ದು ಅಜ್ಜಿ, ದೊಡ್ಡಮ್ಮ, ಸೋದರತ್ತೆ ಎಂದು ಬಾಯಿಗೆ ಬಿಡುವಿಲ್ಲದ ಹೆಂಗಸರ ನಡುವೆ. ಮಾತಿಗೆ ಮಾತು ಕೊಡುವವರು ಇಲ್ಲದೆ ಜನವರಿಯ ಹೊತ್ತಿಗೆ ನನ್ನ ನಾಲಿಗೆ ಮರಗಟ್ಟಿತ್ತು. ಹೊರಗೆ ಹಿಮ, ಒಳಗೆ ಹೀಟರಿನ ಕೊಳವೆಯ ಟಕಟಕ. ಅದಕ್ಕೂ ಉತ್ತರ ಕೊಡಲು ಶುರುಮಾಡಿದ್ದೆ ಅನ್ನಿ.

ಒಂದು ದಿನ ಹಾಲು ತರಲು ಹೋದವಳಿಗೆ ಒಂದು ಅಂಗಡಿಯ ಗಾಜಿನ ಮೇಲೆ ಕೈಬರಹದ ಚೀಟಿ ಕಂಡಿತು: ಟೈಪಿಸ್ಟ್ ಬೇಕು. ಒಳಗೆ ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಒಂದು ದೋಣಿಯ ಪಟ. ನೀಲಿ ಹಳದಿ ಬಳಿದ ಆ ದೋಣಿಯ ಮುಂದುಗಡೆ ಎರಡು ಕಣ್ಣು ಬರೆದಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಮೇಜಿನ ಹಿಂದಿದ್ದ ಮನುಷ್ಯ, "ಕೆಟ್ಟ ಕಣ್ಣು ಬೀಳದ ಹಾಗೆ," ಅಂದ. "ನಮ್ಮಲ್ಲಿ ಮಗುವಿನ ಕೆನ್ನೆಗೆ ಕಪ್ಪು ಚುಕ್ಕೆ ಇಡ್ತೀವಿ," ಅಂದೆ. ಅವನು ಕುರ್ಚಿ ತೋರಿಸಿದ.

ಅವನೇ ಸಾಲ್ವು. ಅರವತ್ತರ ಆಸುಪಾಸು, ಗುಜ್ಜಾರಿ, ಕಿವಿಯಲ್ಲಿ ಕೂದಲು. ಮಾಲ್ಟಾದವನು. ಎರಕದ ಕಾರ್ಖಾನೆಯಲ್ಲಿ ದುಡಿದು ಭುಜ ಕೆಡಿಸಿಕೊಂಡ ಮೇಲೆ ಈ ಟಿಕೆಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಸುತ್ತಲ ನಾಲ್ಕು ಬೀದಿಯಲ್ಲಿ ಅವನ ದೇಶದವರೇ ತುಂಬಿಕೊಂಡಿದ್ದರು.

"ಟೈಪಿಂಗ್ ಬರುತ್ತಾ?"

"ಮೈಸೂರಲ್ಲಿ ಸೀನಿಯರ್ ಪಾಸು ಮಾಡಿದೀನಿ."

"ಮೈಸೂರಲ್ಲಿ ಬಸ್ಸು ಯಾವ ಕಡೆ ಓಡುತ್ತೆ?"

"ಎಡಗಡೆ."

"ನಾಳೆಯಿಂದ ಬಾ," ಅಂದ. ಈ ಅಮೆರಿಕನ್ ಹುಡುಗಿಯರಿಗೆ ತನ್ನ ದೇಶ ಅರ್ಥವಾಗುವುದಿಲ್ಲ, ಎಡಕ್ಕೆ ಬಸ್ಸು ಓಡುವ ಊರಿನವಳಿಗೆ ಆಗುತ್ತದೆ ಎಂಬುದು ಅವನ ನಂಬಿಕೆ. ಒಂದು ವಾರದಲ್ಲಿ ನನ್ನನ್ನು 'ಬಿಂತಿ' ಎಂದು ಕರೆಯತೊಡಗಿದ. ಅವರ ಮಾತಿನಲ್ಲಿ 'ನನ್ನ ಮಗಳೇ' ಅಂತ.

ಏಪ್ರಿಲಿನಲ್ಲಿ ಹಿಮ ಕರಗಿ ರಸ್ತೆಯ ಗುಂಡಿಗಳೆಲ್ಲ ಬಾಯಿಬಿಟ್ಟಾಗ ಸಾಲ್ವು ಒಂದು ದೊಡ್ಡ ಕೆಲಸ ಹಚ್ಚಿಕೊಂಡ. ಅವನ ಊರು ದ್ವೀಪದ ಒಂದು ಹಳ್ಳಿ. ಆಗಸ್ಟ್ ಹದಿನೈದು ಅಲ್ಲಿ ಮೇರಿಯಮ್ಮನ ಹಬ್ಬ. ಡೆಟ್ರಾಯ್ಟಿನಲ್ಲಿದ್ದ ಆ ಹಳ್ಳಿಯವರನ್ನೆಲ್ಲ ಸೇರಿಸಿ ಒಂದೇ ವಿಮಾನದಲ್ಲಿ ಹಬ್ಬಕ್ಕೆ ಕಳಿಸುವುದು. ಮೂವತ್ತೆರಡು ಜನ ಹೆಸರು ಕೊಟ್ಟರು. ಅವರಲ್ಲಿ ಎಪ್ಪತ್ತು ದಾಟಿದ ಚೆನ್ಸಾ ಎಂಬ ಮುದುಕಿ ಊರು ಬಿಟ್ಟು ನಲವತ್ತು ವರ್ಷವಾಗಿತ್ತು. ಮಿಕ್ಕವರಲ್ಲೂ ಅರ್ಧ ಜನ ಮಕ್ಕಳಾಗಿದ್ದಾಗ ಬಂದವರು, ಇನ್ನರ್ಧ ಇಲ್ಲೇ ಹುಟ್ಟಿದವರು.

"ಇವರಿಗೆ ಏನೂ ಗೊತ್ತಿಲ್ಲ ಬಿಂತಿ. ಹೋಗಿ ನಮ್ಮ ಮಾನ ಕಳೀತಾರೆ. ಒಂದು ಪುಸ್ತಕ ಮಾಡಿ ಕೈಗೆ ಕೊಡೋಣ."

"ನೀವೂ ಹೋಗ್ತೀರಲ್ಲ, ಅಲ್ಲೇ ಹೇಳಬಹುದಲ್ಲ?"

"ನಾನು ಹೋಗಲ್ಲ," ಎಂದು ಸಾಲ್ವು ಕಾಗದಗಳನ್ನು ಜೋಡಿಸತೊಡಗಿದ. ಯಾಕೆ ಎಂದು ಕೇಳುವ ಹಾಗಿರಲಿಲ್ಲ, ಮುಖ ಹಾಗಿತ್ತು.

ಮೇ, ಜೂನ್ ಪೂರ್ತಿ ಅವನು ಹೇಳುವುದು, ನಾನು ಬರೆದುಕೊಳ್ಳುವುದು. ಆ ಎರಡು ತಿಂಗಳು ನಾನು ಇದ್ದದ್ದು ಡೆಟ್ರಾಯ್ಟಿನಲ್ಲೋ ಮಾಲ್ಟಾದಲ್ಲೋ ಹೇಳುವುದು ಕಷ್ಟ. ಬಸ್ಸುಗಳಿಗೆ ದಾರಿಗೊಂದು ಬಣ್ಣ. ಬೋರ್ಡು ಓದಲು ಹೋಗಬೇಡಿ, ನಿಮ್ಮೂರ ಬಣ್ಣ ನೋಡಿ ಹತ್ತಿ. ಹನ್ನೆರಡು ಪೆನ್ಸ್ ಸೇರಿದರೆ ಒಂದು ಶಿಲ್ಲಿಂಗ್. ಇಲ್ಲಿನ ಇಸ್ತ್ರಿಪೆಟ್ಟಿಗೆ ಅಲ್ಲಿ ಚುಚ್ಚಿದರೆ ಸುಟ್ಟುಹೋಗುತ್ತದೆ, ಮನೆಯಲ್ಲೇ ಬಿಟ್ಟು ಹೋಗಿ. ಯಾರ ಮನೆಗೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೋಗಬೇಡಿ, ಮಲಗಿರುತ್ತಾರೆ. ನೀರಿನ ಬಗ್ಗೆ ಅವನು ಹೇಳಿದ್ದನ್ನು ನಾನು ಹಾಗೇ ಹಾಕಿದೆ: ಆ ದ್ವೀಪದಲ್ಲಿ ಹೊಳೆಯಿಲ್ಲ, ತಾರಸಿಯ ಮೇಲೆ ಬಿದ್ದ ಮಳೆ ಮನೆಯಡಿಯ ಬಾವಿಗೆ ಇಳಿಯುತ್ತದೆ, ಅದೇ ವರ್ಷವಿಡೀ ಆಗಬೇಕು, ನೀವು ಅರ್ಧ ಗಂಟೆ ಸ್ನಾನ ಮಾಡಿದರೆ ನಿಮ್ಮ ಅತ್ತೆ ಬಾಯಲ್ಲಿ ಏನೂ ಅನ್ನುವುದಿಲ್ಲ, ಆದರೆ ಆ ಸ್ನಾನವನ್ನು ಸಾಯುವವರೆಗೂ ಮರೆಯುವುದಿಲ್ಲ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ನಮ್ಮವರು, "ಇದೇನು ಮಾಲ್ಟಾನೋ ನಮ್ಮ ಅಗ್ರಹಾರದ ವಠಾರಾನೋ?" ಎಂದು ನಗುತ್ತಿದ್ದರು. ನನಗೂ ಹಾಗೇ ಅನ್ನಿಸಿಹೋಗಿತ್ತು. ಅಪಾಯ ಇದ್ದದ್ದು ಅಲ್ಲೇ.

ಜೂನ್ ಕೊನೆಯ ಒಂದು ದಿನ. ಸೆಕೆ, ಮೇಜಿನ ಮೇಲೆ ಫ್ಯಾನು, ಹಾರುವ ಕಾಗದಗಳ ಮೇಲೆ ಬೂದಿಬಟ್ಟಲು. ಆರನೇ ಪುಟ, ಚರ್ಚಿನ ವಿಚಾರ. "ಹೆಂಗಸರು ತಲೆಯ ಮೇಲೆ ಬಟ್ಟೆ ಹಾಕಿಕೊಳ್ಳಬೇಕು. ತೋಳು ಕಾಣಬಾರದು. ಗಂಡಸರು ಚಡ್ಡಿಯಲ್ಲಿ ಬರಬಾರದು," ಎಂದು ಸಾಲ್ವು ಹೇಳುತ್ತಿದ್ದಾಗ ವಿಮಾನ ಕಂಪನಿಯ ಫೋನು ಬಂತು. ಅವನು ಆ ಕಡೆ ತಿರುಗಿ ಜಗಳಕ್ಕೆ ನಿಂತ. ನಾನು ಸ್ಟೆನ್ಸಿಲ್ ಕಾಗದದ ಮೇಲೆ ಅಷ್ಟನ್ನೂ ಬಡಿದು ಮುಗಿಸಿದೆ. ಓದಿದೆ. ಏನೋ ಕಡಿಮೆಯಿದೆ ಅನ್ನಿಸಿತು. ಮುಖ್ಯವಾದದ್ದನ್ನೇ ಮರೆತಿದ್ದಾನೆ ಪಾಪ, ದಿನವೂ ಮಾಡುವ ಕೆಲಸ ಯಾರಿಗೆ ತಾನೆ ನೆನಪಿರುತ್ತದೆ ಎಂದುಕೊಂಡು ನಾನೇ ಸೇರಿಸಿದೆ:

"ಒಳಗೆ ಹೋಗುವ ಮುನ್ನ ಪಾದರಕ್ಷೆಗಳನ್ನು ಮೆಟ್ಟಿಲ ಬಳಿ ಬಿಡಬೇಕು. ಹೊಸ ಅಥವಾ ಬೆಲೆಬಾಳುವ ಜೋಡು ಹಾಕಿಕೊಂಡು ಹೋಗದಿರುವುದು ಕ್ಷೇಮ."

ಎರಡನೇ ವಾಕ್ಯ ನಮ್ಮ ದೊಡ್ಡಮ್ಮನದು. ಯಾವ ದೇವಸ್ಥಾನಕ್ಕೆ ಹೊರಟರೂ ಅವಳು ಹಳೇ ಚಪ್ಪಲಿ ಹುಡುಕುತ್ತಿದ್ದಳು.

ನನ್ನ ಪರವಾಗಿ ಇಷ್ಟು ಹೇಳಬೇಕು. ಚಿಕ್ಕವಳಿದ್ದಾಗ ಒಮ್ಮೆ ಅಜ್ಜಿಯ ಜೊತೆ ಮೈಸೂರಿನ ದೊಡ್ಡ ಚರ್ಚಿಗೆ ಹೋಗಿದ್ದೆ. ಅಜ್ಜಿ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು, ನಾನೂ ಬಿಟ್ಟೆ. ದೇವರ ಮನೆ ಅಂದಮೇಲೆ ಯಾರ ದೇವರಾದರೇನು. ಬೇರೆಯವರು ಬಿಟ್ಟರೋ ಇಲ್ಲವೋ ಎಂದು ನಾವು ಕಾಲು ನೋಡುತ್ತ ನಿಲ್ಲಲಿಲ್ಲ. ಡೆಟ್ರಾಯ್ಟಿನಲ್ಲಿ ನಾನು ಚರ್ಚನ್ನು ಕಂಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಇನ್ನು ಸಾಲ್ವು? ಅಚ್ಚಾದ ಮೊದಲ ಪ್ರತಿಯನ್ನು ಕೈಗೆ ಕೊಟ್ಟೆ. ಅವನು ಮುಖಪುಟದಲ್ಲಿ ತನ್ನ ಹೆಸರು ನೋಡಿದ, ಫೋನ್ ನಂಬರು ನೋಡಿದ, "ಭೇಷ್," ಅಂದ. ಒಳಗಿನದೆಲ್ಲ ತಾನೇ ಹೇಳಿದ್ದಲ್ಲವೇ, ಓದುವುದೇನು ಎಂಬ ಭಾವ.

ಆಗಸ್ಟಿನ ಮೊದಲ ವಾರ ಮೂವತ್ತೆರಡು ಜನ ಮೂವತ್ತೆರಡು ಪುಸ್ತಿಕೆ ಹಿಡಿದು ವಿಮಾನ ಹತ್ತಿದರು.

ಅದಾದ ಭಾನುವಾರ ಹೋದವರ ಕ್ಷೇಮಕ್ಕಾಗಿ ಡೆಟ್ರಾಯ್ಟಿನ ಅವರ ಚರ್ಚಿನಲ್ಲಿ ಪೂಜೆಯಿತ್ತು. ಸಾಲ್ವು ನಮ್ಮಿಬ್ಬರನ್ನೂ ಕರೆದ. ನಮ್ಮವರು ಆಫೀಸಿನ ಕೆಲಸದ ನೆಪ ಹೇಳಿ ಮನೆಯಲ್ಲೇ ಉಳಿದರು. ನಾನು ಮೈಸೂರು ಸಿಲ್ಕ್ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು, ಆರನೇ ಪುಟದ ಪ್ರಕಾರವೇ ಹೋದೆ. ಬಾಗಿಲ ಬಳಿ ಬಗ್ಗಿ ಸ್ಯಾಂಡಲ್‌ನ ಪಟ್ಟಿ ಬಿಚ್ಚತೊಡಗಿದೆ.

"ಕಲ್ಲು ಹೊಕ್ಕಿತಾ ಬಿಂತಿ?" ಎಂದ ಸಾಲ್ವು.

ತಲೆಯೆತ್ತಿ ನೋಡಿದೆ. ಎಡಕ್ಕೆ ಒಬ್ಬಳು ಎತ್ತರದ ಹಿಮ್ಮಡಿಯ ಜೋಡಿನಲ್ಲಿ ಟಕ್ ಟಕ್ ಎಂದು ಒಳಗೆ ಹೋದಳು. ಬಲಕ್ಕೆ ಒಬ್ಬ ಮುದುಕ ಬೂಟು ಹಾಕಿಕೊಂಡೇ ಹೋದ. ಒಳಗೆ ಸಾಲುಸಾಲು ಬೆಂಚು, ಬೆಂಚಿನ ಕೆಳಗೆ ಸಾಲುಸಾಲು ಬೂಟು. ಮೆಟ್ಟಿಲ ಹತ್ತಿರ ಒಂದೇ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ.

"ಹೌದು, ಕಲ್ಲು," ಎಂದು ಪಟ್ಟಿ ಮತ್ತೆ ಬಿಗಿದುಕೊಂಡೆ. ಆ ಪೂಜೆಯಲ್ಲಿ ಏನು ನಡೆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಅಷ್ಟಕ್ಕೂ ಏನಾಗುತ್ತೆ ರುಕ್ಕು? ಯಾರೋ ನಾಲ್ಕು ಜನ ಬರಿಗಾಲಲ್ಲಿ ಹೋಗ್ತಾರೆ. ಕಾಲು ತಂಪಾಗುತ್ತೆ."

"ಅದರ ಮೇಲೆ ಅವನ ಹೆಸರಿದೆ ರೀ. ಅವನೂರಿನಲ್ಲೇ ಅವನ ಹೆಸರು ಹಾಳಾಗುತ್ತೆ."

"ನಾಳೆ ಬೆಳಿಗ್ಗೆ ಹೋದ ಕೂಡಲೇ ಹೇಳ್ಬಿಡು. ಡ್ರಾಯಿಂಗಲ್ಲಿ ತಪ್ಪು ಮಾಡಿದವನು ತಾನೇ ಹೇಳಿದ್ರೆ ಬೈಗುಳ ಒಂದು ದಿನ. ಬೇರೆಯವರು ಕಂಡುಹಿಡಿದ್ರೆ ವರ್ಷಗಟ್ಟಲೆ."

ಸೋಮವಾರ ಬೆಳಿಗ್ಗೆ ಪುಸ್ತಿಕೆಯ ಆರನೇ ಪುಟ ತೆರೆದು ಸಾಲ್ವುವಿನ ಮುಂದಿಟ್ಟೆ. ಕೊನೆಯ ಎರಡು ಸಾಲು ನನ್ನವು ಎಂದೆ. ಅವನು ಕನ್ನಡಕ ಹಾಕಿಕೊಂಡು ಓದಿದ. ಕನ್ನಡಕ ತೆಗೆದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ, ಅದಕ್ಕೇ ನನಗೆ ಭಯವಾದದ್ದು.

"ನಿನಗೆ ನನ್ನ ಅಣ್ಣನ ವಿಷಯ ಹೇಳಿಲ್ಲ, ಅಲ್ಲವಾ?" ಅಂದ.

ಅಣ್ಣನ ಹೆಸರು ಝಾರೆನ್. ಊರಿನಲ್ಲೇ ಉಳಿದವನು, ಬ್ರಿಟಿಷರ ಹಡಗುಕಟ್ಟೆಯಲ್ಲಿ ದುಡಿದವನು. ಸಾಲ್ವು ಡೆಟ್ರಾಯ್ಟಿಗೆ ಬಂದ ಮರುವರ್ಷ ಅವರ ತಾಯಿ ತೀರಿಕೊಂಡಳು. ಸಾಲ್ವು ಹೋಗಲಿಲ್ಲ. ಹೊಸ ಕೆಲಸ ಬಿಟ್ಟು ಹೊರಟರೆ ಮತ್ತೆ ಸೇರಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಅಣ್ಣನಿಂದ ಒಂದೇ ಒಂದು ಕಾಗದ ಬಂತು, ಒಂದೇ ಸಾಲು. ಅಮೆರಿಕದ ಬೂಟು ಅಷ್ಟೊಂದು ಭಾರವೇನು, ಅಮ್ಮನನ್ನು ಮಣ್ಣು ಮಾಡಲು ಬರಲಾಗದಷ್ಟು ಅಂತ. ಇಪ್ಪತ್ತೆರಡು ವರ್ಷ ಇಬ್ಬರಿಗೂ ಮಾತಿಲ್ಲ. ಸಾಲ್ವು ಊರಿಗೆ ಹೋಗದಿದ್ದದ್ದು ಅದಕ್ಕೆ. ಈಗ ಮೂವತ್ತೆರಡು ಜನರನ್ನು ಕಳಿಸಿದ್ದೂ ಅದಕ್ಕೇ. ಊರಿನವರು ಊರಿಗೆ ಬಂದರು, ಕಳಿಸಿದವನು ಸಾಲ್ವು ಎಂದು ಅಣ್ಣನ ಕಿವಿಗೆ ಬಿದ್ದರೆ ಏನಾದರೂ ಒಂದು ಮಾತು ಬಂದೀತು ಎಂಬ ಆಸೆ.

"ನಮ್ಮಲ್ಲಿ ಬರಿಗಾಲಲ್ಲಿ ನಡೆಯೋರು ಅಂದರೆ ಹರಕೆ ಹೊತ್ತವರು, ಪಾಪ ಕಳ್ಕೊಳ್ಳೋರು. ಅದೂ ಗುಡ್ ಫ್ರೈಡೇ ದಿನ. ಹಬ್ಬದ ದಿನ ಮೂವತ್ತೆರಡು ಜನ ಸಾಲಾಗಿ ಬೂಟು ಬಿಚ್ಚಿಟ್ಟರೆ ಝಾರೆನ್ ಏನಂದ್ಕೋತಾನೆ? ತಮ್ಮ ನನ್ನ ಕಾಗದಾನ ಅಣಕಿಸ್ತಿದಾನೆ ಅಂದ್ಕೋತಾನೆ. ಇಡೀ ಊರಿನ ಮುಂದೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ಟೆಲಿಗ್ರಾಂ ಕೊಡೋಣ," ಅಂದೆ.

"ಯಾರಿಗೆ? ಒಬ್ಬೊಬ್ಬರು ಒಂದೊಂದು ನೆಂಟರ ಮನೆಯಲ್ಲಿದಾರೆ. ಪಾದ್ರಿಗೆ ಕೊಟ್ಟರೆ ಅವರು ಅದನ್ನ ಜನರ ಮುಂದೆ ಗಟ್ಟಿಯಾಗಿ ಓದ್ತಾರೆ. ಡೆಟ್ರಾಯ್ಟಿನವರು ದಯವಿಟ್ಟು ಬೂಟು ಹಾಕಿಕೊಂಡೇ ಬನ್ನಿ ಅಂತ. ಅದಕ್ಕಿಂತ ಇದೇ ವಾಸಿ." ಆಮೇಲೆ ನನ್ನ ಮುಖ ನೋಡಿ, "ಯಾರೂ ಓದಿರಲ್ಲ ಬಿಡು. ನಮ್ಮ ಜನ ಓದೋರಲ್ಲ," ಅಂದ.

ಹೋಗಿ ಬೇರೆ ಕೆಲಸ ನೋಡಿಕೋ ಎಂದಿದ್ದರೆ ಸುಲಭವಾಗುತ್ತಿತ್ತು. ಹಾಗೆನ್ನಲಿಲ್ಲ. ಕಾಫಿ ತರಿಸಿದ. ಕುಡಿಯದೆ ಇಟ್ಟುಕೊಂಡು ಕೂತ.

ಆ ಮೂರು ವಾರದಂಥ ವಾರಗಳನ್ನು ನಾನು ಆಮೇಲೆ ಕಂಡದ್ದು ಕಡಿಮೆ. ತೊಂಬತ್ತು ಡಿಗ್ರಿ ಫ್ಯಾರನ್ಹೀಟ್ ಸೆಕೆ, ಡಾಂಬರು ಅಂಟುವ ರಸ್ತೆ. ಬೀದಿಯಲ್ಲಿ ಹಲಗೆ ಹೊಡೆದು ಮುಚ್ಚಿದ ಅಂಗಡಿಗಳ ಸಾಲಿನ ನಡುವೆ ನಮ್ಮದೊಂದು ತೆರೆದಿತ್ತು. ಒಳಗೆ ನಾವಿಬ್ಬರು ಫೋನು ಬಡಿದುಕೊಂಡರೆ ಬೆಚ್ಚಿಬೀಳುತ್ತಿದ್ದೆವು. ಸಾಲ್ವು ಮಾತು ಕಡಿಮೆ ಮಾಡಿದ. ಒಂದು ಸಲ ಮಾತ್ರ, "ಆ ಎರಡನೇ ಸಾಲು ಯಾಕೆ ಹಾಕಿದೆ? ನಮ್ಮೂರಲ್ಲಿ ಜೋಡು ಕದಿಯೋರಿಲ್ಲ," ಎಂದ. "ಎಲ್ಲಾ ಊರಲ್ಲೂ ಇರ್ತಾರೆ," ಅಂದೆ. ಅವನು ಯೋಚಿಸಿ, "ಒಬ್ಬನಿದ್ದ," ಎಂದು ಒಪ್ಪಿಕೊಂಡ. ಆ ತಿಂಗಳು ನಾವು ನಕ್ಕದ್ದು ಅದೊಂದೇ ಸಲ.

ಆಗಸ್ಟ್ ಹದಿನೈದು ಬಂತು. ನಮ್ಮವರು ಸ್ವಾತಂತ್ರ್ಯ ದಿನವೆಂದು ಪಾಯಸ ಮಾಡು ಅಂದರು. ಮಾಡಿದೆ. ಅಡಿಗೆಮನೆಯ ಗೂಡಿನಲ್ಲಿದ್ದ ಚಾಮುಂಡಿಯ ಪಟದ ಮುಂದೆ ಒಂದು ಲೋಟ ಇಟ್ಟೆ. ಆಮೇಲೆ ಏನೋ ತೋಚಿ ಇನ್ನೊಂದು ಲೋಟ ಪಕ್ಕದಲ್ಲಿಟ್ಟೆ. "ಅದ್ಯಾರಿಗೆ?" ಎಂದರು. "ಮೇರಿಯಮ್ಮನಿಗೆ. ಅವಳ ಹಬ್ಬ ಇವತ್ತು," ಎಂದೆ. ಮನಸ್ಸಿನಲ್ಲಿ ಹೇಳಿಕೊಂಡದ್ದು ಇಷ್ಟೇ: ತಾಯಿ, ತಪ್ಪು ನನ್ನದು, ಆ ಅಣ್ಣತಮ್ಮಂದಿರದಲ್ಲ.

ತಿಂಗಳ ಕೊನೆಗೆ ಮಾಲ್ಟಾಕ್ಕೆ ಹೋದವರು ವಾಪಸು ಬರುವ ದಿನ ಸಾಲ್ವು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಏರ್‌ಪೋರ್ಟಿಗೆ ಹೊರಟ. ಅವನು ಕಪ್ಪು ಕೋಟು ಹಾಕಿದ್ದ. ಆ ಸೆಕೆಯಲ್ಲಿ ಯಾಕೆ ಎಂದು ಕೇಳಲಿಲ್ಲ.

ಬಾಗಿಲು ತೆರೆದು ಒಬ್ಬೊಬ್ಬರೇ ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಕೈತುಂಬ ಗಂಟುಮೂಟೆ. ಎಲ್ಲರೂ ಸಾಲ್ವುವನ್ನು ನೋಡಿ ನಗುತ್ತಿದ್ದರು. ಅದು ಯಾವ ನಗು ಎಂದು ತಿಳಿಯಲಿಲ್ಲ. ಕೊನೆಗೆ ಗಾಲಿಕುರ್ಚಿಯಲ್ಲಿ ಚೆನ್ಸಾ ಅಜ್ಜಿ. ಎರಡೂ ಪಾದಕ್ಕೆ ಬಿಳಿ ಪಟ್ಟಿ ಸುತ್ತಿತ್ತು.

"ಆರನೇ ಪುಟ ಬರೆದವರು ಯಾರು?" ಎಂದಳು, ಕುರ್ಚಿ ನಿಲ್ಲುವ ಮೊದಲೇ.

ಸಾಲ್ವು ಬಾಯಿ ತೆರೆಯುವಷ್ಟರಲ್ಲಿ ನಾನು, "ನಾನು," ಎಂದೆ.

ಮುದುಕಿ ನನ್ನ ಸೀರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕಾಲಿಗೆ ಬೊಬ್ಬೆ ಬಂದಿದೆ ಹುಡುಗಿ. ಕಾದ ಕಾವಲಿ ಮೇಲೆ ನಡೆದ ಹಾಗಿತ್ತು. ಕೂತ್ಕೋ, ಹೇಳ್ತೀನಿ."

ಅಲ್ಲೇ ಬೆಂಚಿನ ಮೇಲೆ ಕೂತೆವು. ಅವಳು ಅವರ ಭಾಷೆಯಲ್ಲಿ ಹೇಳುವುದು, ಸಾಲ್ವು ತಡವರಿಸುತ್ತ ನನಗೆ ಇಂಗ್ಲಿಷಿನಲ್ಲಿ ಹೇಳುವುದು.

ಹಬ್ಬದ ಬೆಳಿಗ್ಗೆ ಹತ್ತರ ಪೂಜೆಗೆ ಮೂವತ್ತೆರಡು ಜನವೂ ಚರ್ಚಿನ ಮುಂದೆ ಸೇರಿದರು. ಯಾರೋ ಪುಸ್ತಿಕೆ ತೆಗೆದು ಆರನೇ ಪುಟ ಓದಿದರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲವಲ್ಲ ಎಂದು ಒಬ್ಬ ತಕರಾರು ತೆಗೆದ. ಆಗ ಚೆನ್ಸಾ ಅಜ್ಜಿಯೇ ಅವನ ಬಾಯಿ ಮುಚ್ಚಿಸಿದಳಂತೆ: "ನಮ್ಮ ಕಾಲದಲ್ಲಿ ಪೂಜೆ ಲ್ಯಾಟಿನ್ನಲ್ಲಿತ್ತು, ಪಾದ್ರಿ ನಮಗೆ ಬೆನ್ನು ಹಾಕಿ ನಿಂತಿರ್ತಿದ್ದ. ಅದೆಲ್ಲಾ ಬದಲಾಯ್ತಾ ಇಲ್ಲವಾ? ರೋಮಿನವರು ಹಬ್ಬದ ದಿನದ ಬೂಟಿಗೂ ಏನೋ ನೇಮ ಮಾಡಿರ್ತಾರೆ. ಬಿಚ್ಚು." ಬಿಚ್ಚಿದರು. ಮೂವತ್ತೆರಡು ಜೊತೆ ಅಮೆರಿಕದ ಜೋಡು ಮೆಟ್ಟಿಲ ಕೆಳಗೆ ಸಾಲಾಗಿ ನಿಂತವು. ಆಗಸ್ಟಿನ ಬಿಸಿಲಿಗೆ ಆ ಹಳದಿ ಕಲ್ಲು ನಿಗಿನಿಗಿ ಕಾದಿತ್ತು. ಇವರು ಒಂದು ಕಾಲಿನಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತ ಹತ್ತಿದರು. ಬ್ಯಾಂಡು ನುಡಿಸುತ್ತಿದ್ದವರು ನಿಲ್ಲಿಸಿದರು.

ಬಾಗಿಲಲ್ಲಿ ನಿಂತಿದ್ದವನು ಝಾರೆನ್. ಅಂದು ಸಂಜೆ ಮೆರವಣಿಗೆಯಲ್ಲಿ ಮೇರಿಯಮ್ಮನ ಮೂರ್ತಿ ಹೊರುವವರಿಗೆಲ್ಲ ಅವನೇ ಹಿರಿಯ.

"ಯಾರು ಹೇಳಿದ್ದು ನಿಮಗೆ ಇದನ್ನ?" ಎಂದು ಅವನು ಕೇಳಿದ. ಚೆನ್ಸಾ ಪುಸ್ತಿಕೆ ಕೊಟ್ಟಳು. ಅವನು ಮುಖಪುಟದ ಹೆಸರು ನೋಡಿದ. ಆರನೇ ಪುಟ ತೆರೆದು ಓದಿದ. ಮತ್ತೆ ಮುಖಪುಟ ನೋಡಿದ.

ಇಲ್ಲಿಗೆ ಬಂದಾಗ ಸಾಲ್ವು ನನಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ನಿಲ್ಲಿಸಿಬಿಟ್ಟ. ಮುದುಕಿ ಮಾತಾಡುತ್ತಲೇ ಇದ್ದಳು. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡ. ನನಗೆ ತಡೆಯಲಾಗಲಿಲ್ಲ.

"ಏನಂತೆ? ಬೈದರಂತಾ?"

"ಮೆಟ್ಟಿಲ ಮೇಲೆ ಕೂತನಂತೆ," ಎಂದ ಸಾಲ್ವು. "ಕೂತು, ತನ್ನ ಬೂಟು ಬಿಚ್ಚಿದನಂತೆ."

ಅವನು ಬಿಚ್ಚಿದ್ದನ್ನು ಕಂಡು ಬ್ಯಾಂಡಿನವರಲ್ಲಿ ಇಬ್ಬರು ಬಿಚ್ಚಿದರಂತೆ. ಆಮೇಲೆ ಯಾರು ಎಷ್ಟು ಎಂದು ಚೆನ್ಸಾ ನೋಡಲಿಲ್ಲ, ಅವಳ ಕಾಲು ಉರಿಯುತ್ತಿತ್ತು. ಝಾರೆನ್ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. "ನನ್ನ ಕಾಗದಕ್ಕೆ ತಮ್ಮ ಉತ್ತರ ಬರೆದಿದಾನೆ. ತಡವಾಯ್ತು, ಆದರೆ ಚೆನ್ನಾಗಿ ಬರೆದಿದಾನೆ," ಎಂದನಂತೆ.

ಹೋದ ಜೀವ ಬಂದ ಹಾಗಾಯಿತು.

ಚೆನ್ಸಾ ಕೈಚೀಲದಿಂದ ಒಂದು ಮಡಿಸಿದ ಚೀಟಿ ತೆಗೆದು ಸಾಲ್ವುವಿಗೆ ಕೊಟ್ಟಳು. ಝಾರೆನ್ ಬರೆದದ್ದು, ಈ ಸಲ ಎರಡು ಸಾಲು. ಅವನು ಓದಿ ನನಗೆ ಅರ್ಥ ಹೇಳಿದ: ಬಸ್ಸಿನ ಬಣ್ಣ ಬದಲಾಗಿಲ್ಲ. ಮನೆ ಬಾಗಿಲಿನ ಬಣ್ಣ ಬದಲಾಗಿದೆ, ಈಗ ನೀಲಿ, ಪಕ್ಕದವರ ಬಾಗಿಲು ತಟ್ಟಬೇಡ.

ವಾಪಸು ಬರುವಾಗ ಅವನು ಕೋಟು ಬಿಚ್ಚಿ ಹಿಂದಿನ ಸೀಟಿಗೆ ಎಸೆದ. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದ. ಬಹಳ ದೂರ ಬಂದ ಮೇಲೆ ಕೇಳಿದ.

"ಬಿಂತಿ, ಅದು ನನ್ನ ಮಾತಲ್ಲ ಅಂತ ಅವನಿಗೆ ಹೇಳ್ಬೇಕಾ?"

"ಹೇಳ್ಬೇಕು," ಎಂದೆ. "ಆದ್ರೆ ಕಾಗದದಲ್ಲಿ ಬೇಡ. ನಿಮ್ಮಿಬ್ಬರಿಗೆ ಕಾಗದ ಒಗ್ಗಲ್ಲ. ನೀಲಿ ಬಾಗಿಲು ತಟ್ಟಿ, ಎದುರು ಕೂತು ಹೇಳಿ."

"ಸಿಟ್ಟು ಮಾಡ್ಕೊಂಡರೆ?"

"ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಹೋಗ್ಬೇಡಿ. ಐದನೇ ಪುಟದಲ್ಲಿದೆ."

ಅವನು ಸ್ಟೀರಿಂಗಿಗೆ ಕೈ ಬಡಿದು ನಕ್ಕ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಮರುವರ್ಷ ಹೆಸರು ಕೊಟ್ಟವರು ಐವತ್ತು ದಾಟಿದರು. ಪಟ್ಟಿಯ ಮೊದಲ ಹೆಸರು ಸಾಲ್ವುವಿನದೇ, ನಾನೇ ಟೈಪು ಮಾಡಿದೆ. ಆರನೇ ಪುಟದ ಕೊನೆಯ ಎರಡು ಸಾಲು ತೆಗೆಯಲೋ ಇಡಲೋ ಎಂದು ಕೇಳಿದೆ. ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಹಳೇ ಪ್ರತಿಗಳನ್ನೇ ಕೊಡು, ಆದರೆ ಎಲ್ಲರಿಗೂ ಬಾಯಲ್ಲಿ ನಿಜ ಹೇಳಿ ಕಳಿಸು ಎಂದ. ಹಾಗೇ ಮಾಡಿದೆ. ನಿಜ ಹೇಳಿದ ಮೇಲೂ, "ಚೆನ್ಸಾ ಬಿಚ್ಚಿದಳಂತಲ್ಲ, ನಾವೂ ಬಿಚ್ತೀವಿ," ಎಂದವರೇ ಹೆಚ್ಚು.

ಆಗಸ್ಟ್ ಕೊನೆಗೆ ನನ್ನ ಹೆಸರಿಗೆ ಒಂದು ಪೋಸ್ಟ್‌ಕಾರ್ಡು ಬಂತು. ಒಂದು ಕಡೆ ಕಣ್ಣಿರುವ ದೋಣಿ. ಇನ್ನೊಂದು ಕಡೆ ಸಾಲ್ವುವಿನ ದಪ್ಪ ಅಕ್ಷರ:

"ಬಿಂತಿ, ಎಲ್ಲಾ ಹೇಳಿದೆ. ಝಾರೆನ್ ಪೂರ್ತಿ ಕೇಳಿದ. ಆಮೇಲೆ, ಆ ಹುಡುಗಿಯನ್ನು ಕೆಲಸದಿಂದ ತೆಗೆಯಬೇಡ ಅಂದ. ನಿನ್ನೆ ನಾನೂ ಬಿಚ್ಚಿಟ್ಟು ಒಳಗೆ ಹೋದೆ. ಹೊರಗೆ ಬಂದಾಗ ನನ್ನ ಹೊಸ ಬೂಟು ಇರಲಿಲ್ಲ. ನಿನ್ನ ಎರಡನೇ ಸಾಲು ಸರಿ. ಆರನೇ ಪುಟದಲ್ಲಿ ಏನೂ ತೆಗೆಯಬೇಡ, ಒಂದು ಸಾಲು ಸೇರಿಸು."

ಬೀರುವಿನ ಡಬ್ಬದಲ್ಲಿರುವುದು ಆ ಸಾಲು ಸೇರಿಸಿದ ಎರಡನೇ ಮುದ್ರಣ. ಅನಘಾಳ ಫೋನಿನಲ್ಲಿ ಅದೊಂದು ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳು ಹೊರಡುವ ಮುನ್ನ ಓದಿ ಹೇಳಿದೆ:

"ಬೆಳಿಗ್ಗೆ ಏಳು ಗಂಟೆಯೊಳಗೆ ಹೋಗುವುದು ಒಳ್ಳೆಯದು. ಆಮೇಲೆ ಕಲ್ಲು ಸುಡುತ್ತದೆ."